ಜೀಪಿನ ಫಿಲ್ಟರು, ಅತ್ತೆಯ ಹುಳುಮನೆ

ಸೀರೆ ಅಂಗಡಿಯಲ್ಲಿ ನನಗೆ ತಾಳ್ಮೆ ಸಾಲದು. ಮೂರನೆಯ ಸೀರೆ ಬಿಚ್ಚುವ ಹೊತ್ತಿಗೆ "ಇದೇ ಇರಲಿ ಬಿಡಿ" ಎಂದು ಎದ್ದುಬಿಡುತ್ತೇನೆ. ಆದರೆ ಚಿಂತಾಮಣಿಯ ಬಿಡಿಭಾಗದ ಅಂಗಡಿಯಲ್ಲಿ ಎಂಜಿನ್ ಆಯಿಲ್ ಫಿಲ್ಟರ್ ಕೊಳ್ಳಲು ನಿಂತೆನೆಂದರೆ ಮುಗಿಯಿತು. ನನ್ನ ಜೊತೆಗೆ ಬಂದವರು ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಕಾಫಿ ಕುಡಿದು, ಪೇಪರಿನ ಶ್ರದ್ಧಾಂಜಲಿ ಪುಟದವರೆಗೂ ಓದಿ ಬಂದರೂ ನಾನಿನ್ನೂ ಗಲ್ಲಾದ ಮುಂದೆ ನಿಂತೇ ಇರುತ್ತೇನೆ. ಡಬ್ಬದಿಂದ ಫಿಲ್ಟರನ್ನು ತೆಗೆದು ತೂಗಿ ನೋಡುವುದೇನು, ಒಳಗೆ ಬೆರಳು ತೂರಿಸಿ ರಬ್ಬರನ್ನು ಒತ್ತುವುದೇನು, ತೆಂಗಿನಕಾಯಿಯಂತೆ ಕಿವಿಯ ಹತ್ತಿರ ಅಲ್ಲಾಡಿಸುವುದೇನು! ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಇದೆಲ್ಲ ನನ್ನ ವಿದ್ಯಾರ್ಥಿಗಳ ಕಣ್ಣಿಗೆ ಬಿದ್ದರೆ ಮರುದಿನ ತರಗತಿಯಲ್ಲಿ ಮರಾಠರ ಯುದ್ಧಗಳಿಗೆ ಗಾಂಭೀರ್ಯ ಉಳಿಯುವುದಿಲ್ಲ.

ಅಂಗಡಿಯ ಯಜಮಾನರು ಅಲೀಪುರದ ಕಡೆಯವರು. ನಾವೆಲ್ಲ ಭಾಯ್ ಎನ್ನುತ್ತೇವೆ. ನನ್ನನ್ನು ಕಂಡ ಕೂಡಲೇ ಅವರ ಮುಖದಲ್ಲಿ ಹಲ್ಲುನೋವಿನವರಿಗೆ ಬರುವಂಥ ಒಂದು ಸಹನೆ ಬರುತ್ತದೆ. "ಮೇಡಂ, ಮೂರೂ ಒಂದೇ ಥ್ರೆಡ್ಡು. ಮೂರೂ ನಿಮ್ ಜೀಪಿಗೆ ಕೂತ್ಕೊಳ್ತವೆ. ಕೂತ್ರೆ ಸಾಕಲ್ವಾ?" ಎನ್ನುತ್ತಾರೆ. ಕೂತರೆ ಸಾಕು ಎನ್ನುವುದಾದರೆ ಜಾತಕ ಯಾಕೆ ನೋಡುತ್ತಾರೆ, ಹಸೆಮಣೆ ಯಾರಿಗಾದರೂ ಸರಿಹೋಗುತ್ತದಲ್ಲ, ಎಂದು ನಾನು. ಭಾಯ್ ನಕ್ಕು ಮುಂದಿನ ಗಿರಾಕಿಗೆ ಬ್ರೇಕ್ ವೈರ್ ಕೊಡಲು ಹೋಗುತ್ತಾರೆ. ನನ್ನನ್ನು ನನ್ನ ಪಾಡಿಗೆ ಬಿಟ್ಟರೆ ಬೇಗ ಮುಗಿಯುತ್ತದೆ ಎಂದು ಅವರು ಕಂಡುಕೊಂಡಿದ್ದಾರೆ. ಅದು ನಿಜವೂ ಹೌದು.

ನೀವು ಫಿಲ್ಟರನ್ನು ಬಿಚ್ಚಿ ನೋಡಿಲ್ಲದಿದ್ದರೆ ಹೇಳುತ್ತೇನೆ, ಅದು ಹೊರಗಿನಿಂದ ಕಾಣುವಷ್ಟು ಪೆದ್ದಲ್ಲ. ನೋಡಲು ಒಂದು ತಗಡಿನ ಡಬ್ಬ. ಬಾಯಿಯ ಅಂಚಿನಲ್ಲಿ ಸುತ್ತಲೂ ಸಣ್ಣ ಸಣ್ಣ ತೂತುಗಳು, ನಡುವೆ ಥ್ರೆಡ್, ಅಂದರೆ ತಿರುಪಿನ ಗೀರು, ಇರುವ ಒಂದು ದೊಡ್ಡ ತೂತು. ಎಂಜಿನ್ನಿನ ತಳದಲ್ಲಿರುವ ಎಣ್ಣೆಯನ್ನು ಪಂಪು ಎತ್ತಿ ಇದರೊಳಗೆ ನೂಕುತ್ತದೆ. ಮಸಿ, ಲೋಹದ ಪುಡಿ, ಧೂಳು ಎಲ್ಲ ಹೊತ್ತ ಕೊಳಕು ಎಣ್ಣೆ ಅಂಚಿನ ತೂತುಗಳಿಂದ ಒಳಗೆ ಬರುತ್ತದೆ. ಒಳಗೆ ಸೀರೆಯ ನೆರಿಗೆಯ ಹಾಗೆ ಮಡಿಸಿಟ್ಟ ಕಾಗದ. ಎಣ್ಣೆ ಆ ನೆರಿಗೆಗಳನ್ನು ದಾಟಿ, ಕೊಳೆಯನ್ನು ಅಲ್ಲೇ ಬಿಟ್ಟು, ನಡುವಿನ ತೂತಿನಿಂದ ಮೇಲೆದ್ದು ಹೋಗಿ ಎಂಜಿನ್ನಿನ ಕೀಲುಕೀಲಿಗೂ ಸೇರುತ್ತದೆ. ಕಾಗದಕ್ಕೆ ನೆರಿಗೆ ಯಾಕೆಂದರೆ, ಅಷ್ಟು ಪುಟ್ಟ ಡಬ್ಬದಲ್ಲಿ ಚಾಪೆಯಷ್ಟು ಅಗಲದ ಕಾಗದವನ್ನು ಹಿಡಿಸಬೇಕಲ್ಲ. ಬಾಯಿಯ ಹತ್ತಿರ ಒಂದು ರಬ್ಬರಿನ ತೆಳುವಾದ ಮುಚ್ಚಳವೂ ಇರುತ್ತದೆ. ಗಾಡಿ ನಿಂತಾಗ ಎಣ್ಣೆಯೆಲ್ಲ ವಾಪಸು ಇಳಿದುಹೋಗದಂತೆ ಅದು ತಡೆಯುತ್ತದೆ. ಅದಿಲ್ಲದಿದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನು ಒಣಗಂಟಲಿನಲ್ಲಿ ಕಟಕಟ ಎನ್ನುತ್ತದೆ. ನಾನು ಬೆರಳು ತೂರಿಸಿ ಒತ್ತುವುದು ಈ ರಬ್ಬರನ್ನೇ. ಮೆತ್ತಗಿದ್ದರೆ ಒಳ್ಳೆಯದು, ಒಣಚರ್ಮದ ಹಾಗಿದ್ದರೆ ಡಬ್ಬದ ಮೇಲಿನ ಚಿತ್ರ ಎಷ್ಟೇ ಚೆಂದವಿದ್ದರೂ ವಾಪಸು.

ಆದರೆ ನಾನು ಮನಸೋತದ್ದು ಮತ್ತೊಂದಕ್ಕೆ. ಡಬ್ಬದ ತಳದಲ್ಲಿ ಸ್ಪ್ರಿಂಗಿನಿಂದ ಬಿಗಿದ ಪುಟ್ಟ ಕವಾಟವೊಂದಿದೆ. ಕಾಗದದಲ್ಲಿ ಕೊಳೆ ಕಟ್ಟಿ ಎಣ್ಣೆ ಸಾಗದಾದಾಗ, ಇಲ್ಲವೇ ಚಳಿಗೆ ಎಣ್ಣೆಯೇ ಗಟ್ಟಿಯಾಗಿ ನುಸುಳಲಾರದಾದಾಗ, ಒತ್ತಡ ಏರಿ ಆ ಸ್ಪ್ರಿಂಗು ಹಿಂದಕ್ಕೆ ಸರಿಯುತ್ತದೆ. ಎಣ್ಣೆ ಸೋಸದೆ, ಕೊಳಕು ಕೊಳಕಾಗಿಯೇ, ನೇರ ಎಂಜಿನ್ನಿಗೆ ಹೋಗುತ್ತದೆ. ಮೊದಲ ಸಲ ಇದನ್ನು ಕೈಪಿಡಿಯಲ್ಲಿ ಓದಿದಾಗ ಮೋಸ ಅನ್ನಿಸಿತ್ತು. ಸೋಸುವುದಕ್ಕೆಂದೇ ದುಡ್ಡು ಕೊಟ್ಟು ತಂದ ವಸ್ತುವಿನೊಳಗೆ ಸೋಸದಿರುವ ದಾರಿಯನ್ನೂ ಇಟ್ಟು ಮಾರುತ್ತಾರಲ್ಲ! ಆಮೇಲೆ ಯೋಚಿಸಿದರೆ ಅದರಲ್ಲಿ ದೊಡ್ಡ ವಿವೇಕವಿದೆ. ಕೊಳಕು ಎಣ್ಣೆ ಕುಡಿದ ಎಂಜಿನ್ನು ನಿಧಾನಕ್ಕೆ ಸವೆಯುತ್ತದೆ. ಎಣ್ಣೆಯೇ ಇಲ್ಲದ ಎಂಜಿನ್ನು ಊರ ಗಡಿ ದಾಟುವುದರೊಳಗೆ ಕಚ್ಚಿಕೊಂಡು ಸಾಯುತ್ತದೆ. ನಮ್ಮ ಪಾಳೆಯಗಾರರ ಕೋಟೆಗಳಲ್ಲೂ ಹೀಗೆಯೇ ಅಲ್ಲವೆ? ಆನೆಗೂ ಜಗ್ಗದ ಹೆಬ್ಬಾಗಿಲು, ಅದರ ಮಗ್ಗುಲಲ್ಲೇ ಒಬ್ಬ ಮನುಷ್ಯ ಬಗ್ಗಿ ನುಸುಳುವಷ್ಟು ದಿಡ್ಡಿ ಬಾಗಿಲು. ಹೆಬ್ಬಾಗಿಲು ಹಾಕಿಯೇ ಇಟ್ಟು ಒಳಗಿನವರು ನೀರಡಿಸಿ ಸಾಯಬಾರದಲ್ಲ. ಅಂದಿನಿಂದ ಆ ಕವಾಟಕ್ಕೆ ದಿಡ್ಡಿ ಬಾಗಿಲು ಎಂದೇ ನಾನು ಹೆಸರಿಟ್ಟಿದ್ದೇನೆ.

ಈ ದಿಡ್ಡಿ ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬುದು ಒಂದೊಂದು ಎಂಜಿನ್ನಿಗೆ ಒಂದೊಂದು ಲೆಕ್ಕ. ಸುಮ್ಮಸುಮ್ಮನೆ ತೆರೆದರೆ ಫಿಲ್ಟರ್ ಇದ್ದೂ ಇಲ್ಲದಂತೆ, ತೆರೆಯಬೇಕಾದಾಗ ತೆರೆಯದಿದ್ದರೆ ಎಂಜಿನ್ನೇ ಇಲ್ಲದಂತೆ. ಥ್ರೆಡ್ಡು ಕೂತಮಾತ್ರಕ್ಕೆ ಫಿಲ್ಟರು ಸರಿಯಾಗದಿರುವುದು ಇದಕ್ಕೇ. ತುಂಬಾ ಸಣ್ಣಗೆ ಸೋಸುವುದು ಒಳ್ಳೆಯದು ಎಂದು ಕೊಳ್ಳುವವರೂ ಇದ್ದಾರೆ. ಅವರು ರಾಗಿಹಿಟ್ಟನ್ನು ಮೈದಾ ಜರಡಿಯಲ್ಲಿ ಜರಡಿ ಹಿಡಿದು ನೋಡಲಿ. ಮುದ್ದೆಗೆ ಹಿಟ್ಟು ಬೀಳುವ ಹೊತ್ತಿಗೆ ಉಣ್ಣಲು ಕೂತವರು ಹಸಿದೇ ಎದ್ದುಹೋಗಿ ಮಲಗಿರುತ್ತಾರೆ. ಅದಕ್ಕೇ ನಾನು ಕೊನೆಗೆ ಆರಿಸುವುದು ಅತಿ ಸಣ್ಣಗೆ ಸೋಸುವುದನ್ನೂ ಅಲ್ಲ, ಉದ್ದ ಡಬ್ಬದ್ದನ್ನೂ ಅಲ್ಲ. ಜೀಪಿನ ಕೈಪಿಡಿಯಲ್ಲಿ ಬರೆದ ನಂಬರನ್ನೇ. ಹಾಗಾದರೆ ಅಷ್ಟು ಹೊತ್ತು ನಿಂತು ನೋಡಿದ್ದು ಯಾಕೆ ಎಂದು ಕೇಳಬೇಡಿ. ಹೆಣ್ಣು ನೋಡಲು ಹೋದವರು ಮೊದಲೇ ಗೊತ್ತಾದ ಸಂಬಂಧವನ್ನೇ ಒಪ್ಪುವುದಾದರೂ ಉಪ್ಪಿಟ್ಟು ಕೇಸರಿಬಾತ್ ತಿಂದೇ ಏಳುತ್ತಾರೆ.

ಜೀಪು ನನಗೆ ಬಂದದ್ದು ಗಂಡನ ಮನೆಯಿಂದ. ಕೆಂಚಾರ್ಲಹಳ್ಳಿಯ ಹತ್ತಿರದ ಒಂದು ಹಳ್ಳಿ ನಮ್ಮದು. ಮೊದಲು ಮಾವ ಓಡಿಸುತ್ತಿದ್ದರು, ಈಗ ಕ್ಲಚ್ಚು ಒತ್ತಿದರೆ ಅವರ ಮಂಡಿ ಹಿಡಿಯುತ್ತದೆ. ನನ್ನ ಯಜಮಾನರು ಗೌರಿಬಿದನೂರಿನಲ್ಲಿ ಸರ್ಕಾರಿ ಕಚೇರಿಯಲ್ಲಿದ್ದಾರೆ. ವಾರಕ್ಕೊಮ್ಮೆ ಬರುವ ಅವರಿಗೆ ಜೀಪೆಂದರೆ ಹಾಯುವ ಹಸುವಿನಷ್ಟೇ ಪ್ರೀತಿ. ಹೀಗಾಗಿ ಹಿಪ್ಪುನೇರಳೆ ಸೊಪ್ಪು ಹೇರುವುದು, ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುವುದು, ಜೀಪಿನ ಕಾಯಿಲೆ ಕಸಾಲೆ ನೋಡುವುದು ಎಲ್ಲ ನನ್ನ ಪಾಲಿಗೆ ಬಂತು. ಬಂದದ್ದು ಹೊರೆಯಾಗಿ, ಉಳಿದದ್ದು ಮೋಹವಾಗಿ. ಎಣ್ಣೆ ಬದಲಾಯಿಸಲು ಈಗಲೂ ಮೆಕ್ಯಾನಿಕ್ಕನ ಹತ್ತಿರ ಹೋಗುವುದಿಲ್ಲ. ಅಂಗಳದಲ್ಲಿ ಗೋಣಿ ಹಾಸಿಕೊಂಡು ನಾನೇ ಜೀಪಿನ ಕೆಳಗೆ ನುಗ್ಗುತ್ತೇನೆ.

ಈ ಮೋಹಕ್ಕೆ ನಾನು ತೆತ್ತ ಬೆಲೆ ಅತ್ತೆಯ ಹುಳುಮನೆ.

ಅತ್ತೆ ರೇಷ್ಮೆಹುಳು ಸಾಕುವವರು. ಅವರದು ಆಂಧ್ರದ ಗಡಿಯ ತವರು. ಲೆಕ್ಕಾಚಾರಕ್ಕೆಲ್ಲ ಕನ್ನಡ, ಕೋಪ ಮತ್ತು ಮುದ್ದಿಗೆ ತೆಲುಗು. ಹುಳು ಮನೆಗೆ ಬಂತೆಂದರೆ ಅವರದು ಎಂಥ ಮಡಿಯವರೂ ನಾಚುವಂಥ ಮಡಿ. ಬಾಗಿಲಲ್ಲಿ ಸುಣ್ಣ, ಅದರಾಚೆ ಬ್ಲೀಚಿಂಗ್ ನೀರಿನ ಬೋಗುಣಿ, ಅದರಲ್ಲಿ ಕೈಕಾಲು ಅದ್ದಿಯೇ ಒಳಗೆ ಕಾಲಿಡಬೇಕು. ಹೊಗೆಸೊಪ್ಪು ಹಾಕುವವರು ಬಾಗಿಲ ಹತ್ತಿರವೂ ಸುಳಿಯುವಂತಿಲ್ಲ. ಸೆಂಟು ಹಾಕಿಕೊಂಡವರು, ಸೊಳ್ಳೆಬತ್ತಿ ಹಚ್ಚಿದವರು, ಸೀಮೆಎಣ್ಣೆ ಮುಟ್ಟಿದವರು, ಯಾರೂ ಕೂಡದು. ಇದು ಬರೀ ನಂಬಿಕೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಹೊಗೆಸೊಪ್ಪಿನ ಕೈ ತಾಗಿದ ಸೊಪ್ಪು ತಿಂದ ಹುಳು ತಲೆ ಎತ್ತಿ ವಾಂತಿ ಮಾಡಿಕೊಂಡು ಸತ್ತದ್ದನ್ನು ಈ ಸೀಮೆಯಲ್ಲಿ ಎಲ್ಲರೂ ಕಂಡವರೇ. ಆ ಪಟ್ಟಿಯ ಮೊದಲಲ್ಲೇ ನಾನಿದ್ದೆ. "ನೀನು ಡೀಸೆಲ್ ಕೈಯವಳು ಕಣಮ್ಮ. ಎಷ್ಟು ತೊಳೆದ್ರೂ ಹೋಗಲ್ಲ. ಅಲ್ಲೇ ಇರು" ಎನ್ನುತ್ತಿದ್ದರು. ಬೈಗುಳವಲ್ಲ, ಬರೀ ನಿಯಮ. ಮದುವೆಯಾಗಿ ಇಷ್ಟು ವರ್ಷವಾದರೂ ಹುಳುವಿದ್ದಾಗ ಆ ಹೊಸ್ತಿಲು ದಾಟಿದವಳಲ್ಲ ನಾನು. ಸೊಪ್ಪಿನ ಹೊರೆಯನ್ನು ಬಾಗಿಲಲ್ಲಿ ಇಳಿಸಿ, ಕಿಟಕಿಯ ಜಾಲರಿಯಾಚೆಯಿಂದ ಇಣುಕಿ ಬರುವುದು. ಅಷ್ಟೆ. ಬೇಜಾರಿರಲಿಲ್ಲ ಎಂದರೆ ಸುಳ್ಳಾದೀತು. ನಮ್ಮ ಮನೆಯ ಅನ್ನ ಹುಟ್ಟುವ ಕೋಣೆ ಅದು, ನಾನು ಮಾತ್ರ ಅದಕ್ಕೆ ನೆಂಟಳು.

ಈಗ ಹೋದ ಬೇಸಿಗೆಯ ಬೆಳೆಗೆ ಬರುತ್ತೇನೆ. ಅದಕ್ಕೆ ಹಿಂದಿನ ಬೆಳೆಗಳು ಸುಣ್ಣಕಟ್ಟು ರೋಗಕ್ಕೆ ಹೋಗಿದ್ದವು. ಹುಳು ಗೂಡು ಕಟ್ಟುವ ಮೊದಲೇ ಬಳಪದ ತುಂಡಿನ ಹಾಗೆ ಬೆಳ್ಳಗೆ ಗಟ್ಟಿಯಾಗಿ ಸಾಯುವ ರೋಗವದು. ಯಜಮಾನರು ಮತ್ತು ಮಾವ ಕೂತು ಮಾತಾಡಿ, ಹಿಪ್ಪುನೇರಳೆ ಕಿತ್ತು ಗುಲಾಬಿ ಹಾಕೋಣ ಎಂದು ತೀರ್ಮಾನಿಸಿದ್ದರು. ಅತ್ತೆಗೂ ವಯಸ್ಸಾಯಿತು, ಹೊತ್ತುಹೊತ್ತಿಗೆ ಎದ್ದು ಸೊಪ್ಪು ಹಾಕುವುದು ಇನ್ನು ಸಾಕು ಎನ್ನುವುದು ಅವರ ವಾದ. ಪ್ರೀತಿಯಿಂದಲೇ ಹೇಳಿದ್ದು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಇದೊಂದು ಬೆಳೆ ಎತ್ತಿ ತೋರಿಸ್ತೀನಿ. ಬಂದ್ರೆ ತೋಟ ನಂದು. ಹೋದ್ರೆ ನಿಮ್ಮಿಷ್ಟ, ಗುಲಾಬಿನಾದ್ರೂ ಹಾಕ್ಕೊಳಿ, ಕಳ್ಳೀನಾದ್ರೂ ಹಾಕ್ಕೊಳಿ" ಎಂದರು. ಹದಿಹರೆಯದಲ್ಲಿ ಈ ಮನೆಗೆ ಬಂದಾಗಿನಿಂದ ಅವರು ಮಾಡಿದ್ದು ಇದೊಂದೇ ಕೆಲಸ. ತೋಟ ಕಿತ್ತರೆ ಬೆಳಿಗ್ಗೆ ಎದ್ದು ಅವರು ಎಲ್ಲಿಗೆ ಹೋಗಬೇಕು? ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಬೆಳೆ ಚೆನ್ನಾಗಿಯೇ ಬಂತು. ಕೊನೆಯ ಪೊರೆಯನ್ನೂ ಕಳಚಿ ಹುಳುಗಳು ಬೆರಳು ಗಾತ್ರವಾದವು. ಇನ್ನು ಹಣ್ಣಾಗುವುದೊಂದು ಬಾಕಿ. ಹಣ್ಣಾಗುವುದೆಂದರೆ ಹುಳು ಮೇವು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತುವುದು. ಆಗ ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಹಾಕಬೇಕು. ಚಂದ್ರಿಕೆ ಎಂದರೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೆಣೆದ ದೊಡ್ಡ ತಟ್ಟಿ. ಹೊತ್ತಿಗೆ ಸರಿಯಾಗಿ ಹಾಕದಿದ್ದರೆ ಹುಳು ಕಾಯುವುದಿಲ್ಲ. ಇದ್ದಲ್ಲೇ, ಕಸ ಹಿಕ್ಕೆಯ ಮೇಲೆಯೇ ನೂಲು ಬಿಟ್ಟು ಹಾಳುಮಾಡಿಬಿಡುತ್ತದೆ. ನಮ್ಮಲ್ಲಿರುವ ಚಂದ್ರಿಕೆ ಸಾಲದು, ಕೆಂಚಾರ್ಲಹಳ್ಳಿಯಿಂದ ಬಾಡಿಗೆಗೆ ತರಬೇಕು. ಭಾನುವಾರ ನಾನು ಜೀಪಿನಲ್ಲಿ ತರುವುದು, ಸೋಮವಾರ ಕೂಲಿಯವರು ಬಂದು ಹುಳು ಆರಿಸುವುದು ಎಂದು ಗೊತ್ತಾಗಿತ್ತು.

ಭಾನುವಾರ ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡಿದೆ. ಎಣ್ಣೆಯ ಒತ್ತಡ ಸಾಲದೆಂದು ತೋರುವ ಕೆಂಪು ದೀಪ ಆರಲಿಲ್ಲ. ಒಳಗಿನಿಂದ ಕಟಕಟ ಶಬ್ದ. ತಕ್ಷಣ ಆಫ್ ಮಾಡಿ ಇಳಿದು ಬಗ್ಗಿ ನೋಡಿದರೆ ಫಿಲ್ಟರು ಫಳಫಳ ಹೊಳೆಯುತ್ತಿದೆ! ನನ್ನ ಜೀಪಿನಲ್ಲಿ ಹೊಳೆಯುವ ಅಂಗ ಯಾವುದೂ ಇಲ್ಲ. ಅಂಚಿನಲ್ಲಿ ಬೆಳ್ಳಗೆ ಪುಡಿ ಬೇರೆ. ಅಷ್ಟರಲ್ಲಿ ಮಾವ ಹಲ್ಲುಜ್ಜುತ್ತಾ ಬಂದರು.

"ಮಾವ, ಇದನ್ನ ಯಾರಾದ್ರೂ ಬಿಚ್ಚಿದ್ರಾ?"

"ನಾನೇ ಕಣಮ್ಮ," ಎಂದರು ಮಾವ, ಹೆಮ್ಮೆಯಿಂದ. "ನೀನು ಕಾಲೇಜಿಗೆ ಹೋಗಿದ್ದಾಗ ಬಿಚ್ಚಿದೆ. ಮಸಿ ಹಿಡ್ದಿತ್ತು. ಡೀಸೆಲ್ನಾಗೆ ಜಾಲಿಸಿ, ಆಮೇಲೆ ಚಂದ್ರಿಕೆ ಅದ್ದೋ ಬ್ಲೀಚಿಂಗ್ ನೀರ್ನಾಗೆ ಅದ್ದಿ, ಬಿಸಿಲಿಗೆ ಒಣಗ್ಸಿ ಹಾಕಿದೀನಿ. ಇನ್ನು ರೋಗಗೀಗ ಬರಲ್ಲ ಬಿಡು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ತಪ್ಪೇನಿದೆ ಹೇಳಿ. ರೇಷ್ಮೆ ಮಾಡುವವರ ಮನೆಯಲ್ಲಿ ಬೆಳೆ ಮುಗಿದ ಕೂಡಲೇ ತಟ್ಟೆ, ಬಲೆ, ಚಂದ್ರಿಕೆ, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ ಮತ್ತೆ ಬಳಸುತ್ತಾರೆ. ತೊಳೆದು ಒಣಗಿಸಿದರೆ ಶುದ್ಧವಾಗದ ವಸ್ತು ಅವರ ಲೋಕದಲ್ಲಿಲ್ಲ. ಜೀಪನ್ನೂ ಅವರು ಬೆಳೆಗೆ ತಯಾರು ಮಾಡಿದ್ದರು, ಅಷ್ಟೆ. ಒಳಗಿರುವುದು ಕಾಗದ, ನೆನೆದರೆ ಕುಸಿಯುತ್ತದೆ ಎಂದರೆ, "ಕಾಗ್ದಾನಾ? ಜೀಪಿಗೆ ಕಾಗ್ದ ಇಡ್ತಾರಾ ಯಾರಾದ್ರೂ!" ಎಂದು ಕಂಪನಿಯವರ ಮೇಲೆಯೇ ಕೋಪಿಸಿಕೊಂಡರು.

ಭಾಯ್ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ತಂದ ಹೊಸ ಫಿಲ್ಟರು ಮನೆಯಲ್ಲಿತ್ತು, ಎಣ್ಣೆಯೂ ಇತ್ತು, ಪುಣ್ಯ. ಗೋಣಿ ಹಾಸಿ ಕೆಳಗೆ ನುಗ್ಗಿದೆ. ಹಳೆಯ ಎಣ್ಣೆಯನ್ನೆಲ್ಲ ಬಾಂಡಲಿಗೆ ಬಿಟ್ಟರೆ ಅದರಲ್ಲಿ ನೀರು ಬೆರೆತು ಹಾಲು ಹಾಕಿದ ಕಾಫಿಯ ಬಣ್ಣ. ಮಾವ ಬಲವಾಗಿ ಬಿಗಿದಿದ್ದರು. ಹಳೆಯ ಬೆಲ್ಟು ಸುತ್ತಿ ಎಳೆದೂ ಎಳೆದೂ ಬಿಚ್ಚುವಾಗ ಮೊಣಕೈವರೆಗೆ, ಅಲ್ಲಿಂದ ಕತ್ತಿನವರೆಗೆ ಎಣ್ಣೆ ಇಳಿಯಿತು. ಹೊಸದರ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಎಣ್ಣೆ ಸವರಿ, ಕೈಯಲ್ಲೇ ತಿರುಗಿಸಿ, ರಬ್ಬರು ತಾಗಿದ ಮೇಲೆ ಇನ್ನೊಂದು ಮುಕ್ಕಾಲು ಸುತ್ತು. ಅಷ್ಟೇ ಸಾಕು. ಹೊಸ ಎಣ್ಣೆ ಹೊಯ್ದು ಸ್ಟಾರ್ಟ್ ಮಾಡಿದಾಗ ದೀಪ ಆರಿತು. ಕೆಂಚಾರ್ಲಹಳ್ಳಿಗೆ ಹೋಗಿ ಚಂದ್ರಿಕೆ ತಂದೆವು. ನನ್ನ ಕೈ ತಾಗಬಾರದೆಂದು ಮಾವನೇ ಹೇರಿದರು, ಮಾವನೇ ಇಳಿಸಿದರು. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಬಂದು ನೋಡಿದರೆ ಅತ್ತೆ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಮುಖ ಬೂದಿ. ಬಿಸಿಲಿನ ಝಳಕ್ಕೆ ಹುಳುಗಳು ಒಂದು ದಿನ ಮೊದಲೇ ಹಣ್ಣಾಗಿಬಿಟ್ಟಿದ್ದವು. ಒಂದೆರಡಲ್ಲ, ಮನೆಗೆ ಮನೆಯೇ. ಮಾವ ಕೂಲಿಯವರನ್ನು ಕರೆಯಲು ಓಡಿದರು. ಅವರೆಲ್ಲ ಬೇರೆ ಬೇರೆ ಮನೆಗಳಲ್ಲಿದ್ದರು. ಝಳ ಅವರಿಗೂ ಅದೇ ತಾನೆ, ಊರ ಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿದ್ದವು. ಮಾವ ಬರಿಗೈಯಲ್ಲಿ ವಾಪಸು ಬಂದು ಕಟ್ಟೆಯ ಮೇಲೆ ಕುಸಿದರು. ಅವರ ಕೈ ಈಗ ಸಣ್ಣಗೆ ನಡುಗುತ್ತದೆ. ಹುಳು ಆರಿಸಿದರೆ ಹಿಚುಕಿಹೋಗುತ್ತದೆ. ಹೊರುವುದು ಸರಿ, ಆರಿಸುವುದು ಆಗದು.

ಅತ್ತೆ ಒಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮೊಣಕೈವರೆಗೆ ಕಪ್ಪಾಗಿ, ನೈಟಿಯ ಮೇಲೆ ಯಜಮಾನರ ಹಳೇ ಅಂಗಿ ಹಾಕಿಕೊಂಡು, ಡೀಸೆಲ್ಲು, ಎಣ್ಣೆ, ಬೆವರು ಮೂರೂ ಬೆರೆತು ನಾರುತ್ತಾ ನಿಂತಿದ್ದೆ ನಾನು. ಬಾಗಿಲಲ್ಲಿ ನಿಂತಿದ್ದವರು ಪಕ್ಕಕ್ಕೆ ಸರಿದರು.

"ರಾ ಅಮ್ಮಾ," ಎಂದರು. "ಲೋಪಲಿಕಿ ರಾ."

ಬಾರಮ್ಮ, ಒಳಗೆ ಬಾ. ತೆಲುಗಿನಲ್ಲಿ.

"ಅತ್ತೆ, ಕೈ ನೋಡಿ ಹೆಂಗಿದೆ..."

"ನೋಡ್ದೆ ಬಿಡು. ಸೀಗೇಕಾಯಿ ಹಾಕಿ ಉಜ್ಜು, ಬ್ಲೀಚಿಂಗ್ ನೀರ್ನಾಗೆ ಅದ್ದು, ಬಾ. ವಾಸ್ನೆಗೆ ಸತ್ರೆ ನಾಲ್ಕು ಸಾಯ್ತವೆ. ಹಿಂಗೇ ಬಿಟ್ರೆ ಒಂದೂ ಉಳಿಯಲ್ಲ."

ಅಟ್ಟದ ಮೇಲಿನ ಜೀಪಿನ ಕೈಪಿಡಿಯನ್ನು ಅತ್ತೆ ಓದಿದವರಲ್ಲ. ಆದರೂ ದಿಡ್ಡಿ ಬಾಗಿಲಿನ ಬಗ್ಗೆ ಕೈಪಿಡಿ ಬರೆದವರ ಮಾತನ್ನೇ ಆಡುತ್ತಿದ್ದರು. ಚರ್ಮ ಕೆಂಪಾಗುವಂತೆ ಕೈ ಉಜ್ಜಿ, ಅವರದೇ ಒಂದು ಹಳೆಯ ಸೀರೆ ಉಟ್ಟು ಹೊಸ್ತಿಲು ದಾಟಿದೆ. ಒಳಗೆ ಬೆಚ್ಚಗಿತ್ತು, ಸೊಪ್ಪಿನ ಹಸಿವಾಸನೆ. ತಟ್ಟೆತಟ್ಟೆಯಲ್ಲೂ ಹುಳುಗಳು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ತಡವರಿಸುತ್ತಿದ್ದವು. ಕಿಟಕಿಯ ಜಾಲರಿಯಿಂದ ಕಂಡದ್ದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೊದಲ ಹುಳುವನ್ನು ಎತ್ತಿದಾಗ ಅದರ ಮೈ ತಣ್ಣಗೆ, ಮಗುವಿನ ಕಿವಿಯ ಹಾಲೆಯಷ್ಟು ಮೆತ್ತಗಿತ್ತು. ನನಗೆ ಕಣ್ಣು ತುಂಬಿಬಂತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಅತ್ತೆಯೂ ನಾನೂ ಎದುರುಬದುರು ಕೂತು ಆರಿಸಿದೆವು, ಮಾವ ಚಂದ್ರಿಕೆ ತಂದಿಟ್ಟು ತುಂಬಿದ್ದನ್ನು ಒಯ್ದರು. ಹೊತ್ತು ಮುಳುಗುವುದರೊಳಗೆ ತಟ್ಟೆಗಳೆಲ್ಲ ಖಾಲಿಯಾದವು.

ಒಂದು ವಿಷಯ ಮಾತ್ರ ನನ್ನನ್ನು ಚುಚ್ಚಿತು. ನಾನು ತುಂಬಿದ ಚಂದ್ರಿಕೆಗಳನ್ನು ಅತ್ತೆ ಬೇರೆಯಾಗಿ, ಪಡುವಣ ಕಿಟಕಿಯ ಹತ್ತಿರ ಇಡಿಸಿದರು. ತಮ್ಮವನ್ನು ಒಳಗಡೆ. ಕರೆದರೂ ಕರೆದಂತಾಗಲಿಲ್ಲ ಅನ್ನಿಸಿತು. ಮಾವನ ಕಿವಿಯಲ್ಲಿ ಹೇಳಿದರೆ, "ಜಳ್ಳುಗೂಡು ಬಂದ್ರೆ ಬೆರಕೆ ಆಗ್ಬಾರ್ದು ಅಂತ ಇರ್ಬೇಕಮ್ಮ," ಎಂದು ಸಮಾಧಾನದ ಹೆಸರಿನಲ್ಲಿ ಇನ್ನಷ್ಟು ಉರಿಸಿದರು. ಗೂಡು ಬಲಿಯುವ ಆ ಕೆಲವು ದಿನ ಕಾಲೇಜಿನಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ತೋಟ ಉಳಿಯುತ್ತದೋ ಇಲ್ಲವೋ ಎಂಬುದು ಒಂದು ಕಡೆ, ಹೋದರೆ ನನ್ನ ಕೈಯಿಂದಲೇ ಹೋಯಿತು ಎಂದಾಗುತ್ತದಲ್ಲ ಎಂಬುದು ಇನ್ನೊಂದು ಕಡೆ.

ಗೂಡು ಬಿಡಿಸುವ ದಿನ ಅತ್ತೆ ನೆಟ್ಟಗೆ ಕಿಟಕಿಯ ಹತ್ತಿರ ಹೋದರು. ನನ್ನ ಚಂದ್ರಿಕೆಯಿಂದಲೇ ಮೊದಲ ಗೂಡು ಬಿಡಿಸಿ ಎರಡು ಬೆರಳಲ್ಲಿ ಒತ್ತಿದರು. ಗಟ್ಟಿ. ಇನ್ನೊಂದು. ಗಟ್ಟಿ. ಜಳ್ಳು ಕೆಲವಿದ್ದವು, ಅವು ಅತ್ತೆಯ ಚಂದ್ರಿಕೆಗಳಲ್ಲೂ ಇದ್ದವು. ಅತ್ತೆ ನನ್ನವನ್ನೂ ತಮ್ಮವನ್ನೂ ಒಂದೇ ರಾಶಿಗೆ ಸುರಿದರು. ನನಗೆ ತಡೆಯಲಾಗಲಿಲ್ಲ.

"ಮತ್ತೆ ನನ್ನವನ್ನ ಯಾಕೆ ಬೇರೆ ಇಟ್ರಿ ಅತ್ತೆ?"

"ಕಿಟಕಿ ಹತ್ರ ಗಾಳಿ ಆಡ್ತದೆ. ವಾಸ್ನೆ ಹೋಗ್ಲಿ ಅಂತ ಇಟ್ಟೆ," ಎಂದರು, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ. "ಒಳಗಡೆ ಇಟ್ಟಿದ್ರೆ ಉಸಿರು ಕಟ್ತಿತ್ತು ಅವಕ್ಕೆ. ಎದ್ದೆದ್ದು ನಿನ್ನವನ್ನೇ ನೋಡ್ತಾ ಇದ್ದೆ, ನನ್ನವನ್ನ ಯಾರು ನೋಡಿದ್ರು?"

ನಾನು ತಲೆ ತಗ್ಗಿಸಿ ಗೂಡು ಬಿಡಿಸತೊಡಗಿದೆ.

ಶಿಡ್ಲಘಟ್ಟಕ್ಕೆ ಅವರೂ ಬಂದರು, ಜೀಪಿನಲ್ಲಿ ನನ್ನ ಪಕ್ಕದಲ್ಲೇ ಕೂತು, ಸೆರಗನ್ನು ಮೂಗಿಗೆ ಹಿಡಿದುಕೊಂಡು. ಮಾರುಕಟ್ಟೆಯಲ್ಲಿ ನೂಲು ತೆಗೆಯುವವರೊಬ್ಬರು ನಮ್ಮ ರಾಶಿಯೊಳಗೆ ಕೈ ಇಳಿಸಿ, ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದರು, ನಾನು ಅತ್ತೆಯ ಮುಖವನ್ನು. ಒಳ್ಳೆಯ ದರಕ್ಕೇ ಹೋಯಿತು. ಅಷ್ಟರಲ್ಲಿ ಗೌರಿಬಿದನೂರಿನಿಂದ ಯಜಮಾನರ ಫೋನು. ಏನಾಯಿತಮ್ಮ ಎಂದು ಕೇಳಿದರು. ಅತ್ತೆ ಫೋನನ್ನು ಬಾಯಿಯ ಮುಂದೆ ಹಿಡಿದು, ಇಡೀ ಮಾರುಕಟ್ಟೆಗೆ ಕೇಳುವಂತೆ, "ಗುಲಾಬಿ ಸಸಿಗೆ ಎಲ್ಲೂ ಹೇಳಿಟ್ಟಿಲ್ಲ ತಾನೆ ಕಣಪ್ಪ?" ಎಂದರು.

ಇಲ್ಲಿಗೇ ಮುಗಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಫಿಲ್ಟರಿನ ವಿದ್ಯೆಯಲ್ಲಿ ಇನ್ನೊಂದು ಪಾಠವಿದೆ. ದಿಡ್ಡಿ ಬಾಗಿಲಿಗೆ ಸ್ಪ್ರಿಂಗಿದೆ. ಒತ್ತಡ ಇಳಿದ ಕೂಡಲೇ ಅದು ಟಪ್ಪನೆ ಮುಚ್ಚಿಕೊಳ್ಳುತ್ತದೆ. ಮುಂದಿನ ಬೆಳೆಗೆ ಹುಳು ಬಂದಾಗ ನಾನು ಆ ಮನೆಯ ಒಡತಿಯಂತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ಕೈ ಹಿಡಿದರು.

"ಎಲ್ಲಿಗಮ್ಮ?"

"ಒಳಕ್ಕೆ."

"ಡೀಸೆಲ್ ಕೈನಾಗಾ? ಹುಡುಗಾಟ ಆಡ್ತೀಯಾ? ಅಲ್ಲೇ ಇರು."

ಒಂದು ಕ್ಷಣ ಮುಖಕ್ಕೆ ಹೊಡೆದಂತಾಯಿತು. ಹಾಗಾದರೆ ಅಂದು ಕರೆದದ್ದು ಬರೀ ಗತಿಯಿಲ್ಲದೆ? ಇರಬಹುದು. ಗತಿಯಿಲ್ಲದಾಗ ಯಾರನ್ನು ಕರೆಯಬೇಕೆಂದು ಗೊತ್ತಿರುವುದೂ ಸಣ್ಣದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಸದಾ ತೆರೆದೇ ಇರುವ ಫಿಲ್ಟರು ಫಿಲ್ಟರಲ್ಲ, ಬರೀ ಡಬ್ಬ. ಅತ್ತೆ ಬಿಗಿಯಾಗಿ ಮುಚ್ಚುವವರಾದ್ದರಿಂದಲೇ ಅವರ ಬೆಳೆ ಉಳಿಯುತ್ತದೆ. ಹೀಗೆ ದೊಡ್ಡ ದೊಡ್ಡ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು, ಹೊರಟೆ. ಹಿಂದಿನಿಂದ ಅತ್ತೆ ಕೂಗಿದರು.

"ಇವಳೇ, ಆ ಜೀಪಿನ ಎಣ್ಣೆ ಬದಲಾಯ್ಸೋದು ಯಾವಾಗ?"

"ಇನ್ನೂ ಹೊತ್ತಿದೆ ಅತ್ತೆ. ಮುಂದಿನ ತಿಂಗಳು."

"ಮುಂದಿನ ತಿಂಗಳು ಬೇಡ. ಇವತ್ತೇ ಮಾಡ್ಕೊಂಡ್ಬಿಡು," ಎಂದರು. "ಆಮೇಲೆ ಅದ್ರ ತಂಟೆಗೆ ಹೋಗ್ಬೇಡ. ಹುಳ ಹಣ್ಣಾಗೋ ಹೊತ್ತಿಗೆ ಕೈ ವಾಸ್ನೆ ಹೋಗಿರ್ಬೇಕು. ಈ ಸಲ ಕೂಲಿಗೆ ಒಬ್ರನ್ನ ಕಡಿಮೆ ಹೇಳಿದೀನಿ."

ಕೈಪಿಡಿಯ ಪ್ರಕಾರ ಆ ಎಣ್ಣೆಗೂ ಆ ಫಿಲ್ಟರಿಗೂ ಇನ್ನೂ ಬೇಕಾದಷ್ಟು ಆಯಸ್ಸಿತ್ತು. ಬಿಸಾಡಿದರೆ ಶುದ್ಧ ದಂಡ. ನಾನು ಆ ಕ್ಷಣವೇ ಗೋಣಿ ಹುಡುಕಲು ಓಡಿದೆ.